ಪ್ರಶ್ನೆಪತ್ರಿಕೆಯ ಜಾಗದಲ್ಲಿ ಒಂದು ಶಿಫಾರಸು ವರದಿ

‘ಸುಸ್ಥಿರ ಸಾಮಗ್ರಿಗಳ ಅನುಕೂಲಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಪೂರ್ಣ ಅಂಕ ಪಡೆದ ವಿದ್ಯಾರ್ಥಿ, ಒಂದು ಕಟ್ಟಡಕ್ಕೆ ಯಾವ ಕಾಂಕ್ರೀಟ್ ಸೂಕ್ತವೆಂದು ನಿರ್ಧರಿಸಬಲ್ಲ ಎನ್ನುವ ಖಾತರಿಯೇನೂ ಇಲ್ಲ. ಎಂಜಿನಿಯರಿಂಗ್ ಪದವಿ ತರಗತಿಗೆ ಈ ವಿಷಯ ಬೋಧಿಸುವ ನಾನು ಅದೇ ಕಾರಣಕ್ಕೆ ಅರ್ಧಕ್ಕಿಂತ ಹೆಚ್ಚು ಅಂಕಗಳನ್ನು, ವೃತ್ತಿಯಲ್ಲಿ ನಿಜವಾಗಿ ನಡೆಯುವಂಥ ಒಂದು ಕೆಲಸಕ್ಕೆ ಮೀಸಲಿಟ್ಟೆ: ಪ್ರತಿ ತಂಡವೂ ರಚನೆಯೊಂದಕ್ಕೆ ಸಾಮಗ್ರಿಯನ್ನು ಶಿಫಾರಸು ಮಾಡಿ ವರದಿ ಬರೆಯಬೇಕು, ಕ್ಷೇತ್ರದಲ್ಲಿ ದುಡಿಯುತ್ತಿರುವ ಎಂಜಿನಿಯರ್ ಒಬ್ಬರ ಮುಂದೆ ಅದನ್ನು ಸಮರ್ಥಿಸಿಕೊಳ್ಳಬೇಕು.

ಕೆಲಸದ ವಿವರಣೆ ಬರೆಯುವುದಕ್ಕೇ ಹೆಚ್ಚು ಶ್ರಮ ಬೇಕಾಯಿತು. ‘ಕಾರ್ಬನ್ ಕಡಿಮೆ ಮಾಡಿ’ ಎಂದಷ್ಟೇ ಕೇಳಿದರೆ ಎಲ್ಲ ತಂಡಗಳಿಂದಲೂ ಒಂದೇ ಉತ್ತರ ಬರುತ್ತದೆ. ಹೊರಬೇಕಾದ ಭಾರ, ಬಾಳಿಕೆಯ ಅವಧಿ, ವೆಚ್ಚದ ಮಿತಿ, ಕೆಲಸ ಮುಗಿಯಬೇಕಾದ ದಿನ ಇವೆಲ್ಲ ಒಂದಕ್ಕೊಂದು ಅಡ್ಡ ಬರುವಂತಿದ್ದಾಗಲೇ ಆಯ್ಕೆಯ ಪ್ರಶ್ನೆ ಏಳುತ್ತದೆ.

ಒಂದು ತಂಡದ ವರದಿಯನ್ನೇ ನೋಡಿ. ಸಿಮೆಂಟಿನ ಮುಖ್ಯ ಘಟಕವಾದ ಕ್ಲಿಂಕರ್ (ಕುಲುಮೆಯಲ್ಲಿ ಸುಟ್ಟ ಗಟ್ಟಿ ಉಂಡೆಗಳು) ತಯಾರಿಸುವಾಗ ಇಂಧನ ಉರಿಯುವುದರಿಂದ ಮಾತ್ರವಲ್ಲ, ಸುಣ್ಣದ ಕಲ್ಲು ವಿಭಜನೆಯಾಗುವುದರಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆದ್ದರಿಂದ ಸಿಮೆಂಟಿನ ಅರ್ಧದಷ್ಟನ್ನು ಕಬ್ಬಿಣ ತಯಾರಿಸುವ ಊದುಕುಲುಮೆಯಲ್ಲಿ ಉಪೋತ್ಪನ್ನವಾಗಿ ಸಿಗುವ ಸ್ಲ್ಯಾಗ್‌ನಿಂದ ತುಂಬಬೇಕೆಂದು ಅವರು ಸೂಚಿಸಿದ್ದರು. ಘನ ಮೀಟರಿಗೆ ಲೆಕ್ಕ ಹಾಕಿದ ಉತ್ಸರ್ಜನೆ ಚೆನ್ನಾಗಿಯೇ ಇಳಿದಿತ್ತು. ಎಂಜಿನಿಯರ್ ಕೇಳಿದ್ದು ಒಂದೇ ಪ್ರಶ್ನೆ: “ಸೆಂಟ್ರಿಂಗ್ ಯಾವಾಗ ಬಿಚ್ಚುತ್ತೀರಿ?” ಕಾಂಕ್ರೀಟ್ ಗಟ್ಟಿಯಾಗುವವರೆಗೆ ಆಧಾರವಾಗಿರುವ ಈ ಅಚ್ಚನ್ನು ಬಿಚ್ಚಲು ಆರಂಭದ ದಿನಗಳ ಬಲ ಗೊತ್ತಿರಬೇಕು. ವರದಿಯಲ್ಲಿದ್ದದ್ದು 28 ದಿನಗಳ ಬಲ ಮಾತ್ರ. ಸ್ಲ್ಯಾಗ್ ಹೆಚ್ಚಿರುವ ಕಾಂಕ್ರೀಟ್ ಆರಂಭದಲ್ಲಿ, ಅದರಲ್ಲೂ ಚಳಿಯಲ್ಲಿ, ನಿಧಾನವಾಗಿ ಬಲಗೊಳ್ಳುವುದರಿಂದ ಮುಂದಿನ ಅಂತಸ್ತಿನ ಕೆಲಸ ತಡವಾಗುತ್ತದೆ. ಪರಿಷ್ಕೃತ ವರದಿಯಲ್ಲಿ ತಂಡವು ಸ್ಲ್ಯಾಬ್‌ಗೆ ಸ್ಲ್ಯಾಗ್ ಪ್ರಮಾಣವನ್ನು ತಗ್ಗಿಸಿ, ಅವಸರವಿಲ್ಲದ ಮತ್ತು ಜಲಸಂಯೋಜನೆಯ ಶಾಖ (ಸಿಮೆಂಟ್ ನೀರಿನೊಡನೆ ವರ್ತಿಸುವಾಗ ಹುಟ್ಟುವ ಬಿಸಿ) ಕಡಿಮೆಯಾದಷ್ಟೂ ಒಳ್ಳೆಯದಾದ ದಪ್ಪನೆಯ ಬುನಾದಿಗೆ ಅದನ್ನು ಏರಿಸಿತು. ಹೋಲಿಕೆಯನ್ನೂ ಘನ ಮೀಟರಿಗೆ ಬದಲಾಗಿ, ನಿಗದಿತ ಭಾರ ಹೊರುವ ಒಂದು ಚದರ ಮೀಟರ್ ಸ್ಲ್ಯಾಬ್‌ಗೆ ಮಾಡಿತು. ಈ ತಿದ್ದುಪಡಿಗೆ ನಾನು ಕೊಟ್ಟಷ್ಟು ಅಂಕವನ್ನು ಮೂಲ ಲೆಕ್ಕಾಚಾರಕ್ಕೆ ಕೊಡಲಿಲ್ಲ.

ಅಂಕ ಹಂಚಿಕೆಯ ತತ್ತ್ವವೂ ಅದೇ. ಅಂತಿಮ ಸಂಖ್ಯೆಗೆ ಅಲ್ಪ ಪಾಲು. ಹೋಲಿಕೆಯ ಘಟಕ, ವ್ಯವಸ್ಥೆಯ ಎಲ್ಲೆ (ಯಾವ ಹಂತಗಳನ್ನು ಲೆಕ್ಕಕ್ಕೆ ಸೇರಿಸಿದ್ದಾರೆ ಎಂಬುದು), ದತ್ತಾಂಶದ ಮೂಲ, ಊಹೆ ಬದಲಾದರೆ ತೀರ್ಮಾನ ನಿಲ್ಲುತ್ತದೆಯೇ ಎಂಬ ಪರಿಶೀಲನೆ ಇವುಗಳಿಗೆ ದೊಡ್ಡ ಪಾಲು. ಕಬ್ಬಿಣದ ಉತ್ಪಾದನೆಯ ಉತ್ಸರ್ಜನೆಯಲ್ಲಿ ಎಷ್ಟನ್ನು ಉಪೋತ್ಪನ್ನವಾದ ಸ್ಲ್ಯಾಗ್‌ನ ಲೆಕ್ಕಕ್ಕೆ ಬರೆಯಬೇಕು? ಜೀವನಚಕ್ರ ವಿಶ್ಲೇಷಣೆಯ, ಅಂದರೆ ಒಂದು ವಸ್ತು ತಯಾರಿಯಿಂದ ವಿಲೇವಾರಿಯವರೆಗೆ ಪರಿಸರದ ಮೇಲೆ ಬೀರುವ ಪರಿಣಾಮವನ್ನು ಲೆಕ್ಕ ಹಾಕುವ ವಿಧಾನದ, ಐಎಸ್ಒ 14044 ಎಂಬ ಅಂತರರಾಷ್ಟ್ರೀಯ ಮಾನದಂಡವು ಇಂಥ ಹಂಚಿಕೆಯ ಕ್ರಮವನ್ನು ಹೇಳುತ್ತದೆಯಾದರೂ ಆಯ್ಕೆಗೆ ಕಾರಣ ಕೊಡುವ ಹೊಣೆ ವಿಶ್ಲೇಷಕರದೇ. ಹೀಗಾಗಿ ವಿರುದ್ಧ ತೀರ್ಮಾನಕ್ಕೆ ಬಂದ ಎರಡು ತಂಡಗಳು ಒಂದೇ ದರ್ಜೆ ಪಡೆಯುವುದುಂಟು, ಇದನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸದಿದ್ದರೆ ತಕರಾರು ತಪ್ಪಿದ್ದಲ್ಲ.

ಲಿಖಿತ ಪರೀಕ್ಷೆಯನ್ನು ನಾನು ಪೂರ್ತಿ ಕೈಬಿಟ್ಟಿಲ್ಲ. ಮೂಲಭೂತ ಪರಿಕಲ್ಪನೆಗಳಿಗೆ ಚಿಕ್ಕದೊಂದು ಪರೀಕ್ಷೆ ಉಳಿದಿದೆ. ಗುಂಪಿನ ನೆರಳಲ್ಲಿ ಒಬ್ಬಿಬ್ಬರು ಸುಮ್ಮನೆ ದಾಟಿಹೋಗದಂತೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಮೌಖಿಕ ಪ್ರಶ್ನೆ ಇರುತ್ತದೆ. ಅತಿಥಿ ಎಂಜಿನಿಯರ್‌ಗಳು ಪ್ರಶ್ನೆ ಕೇಳುತ್ತಾರೆಯೇ ಹೊರತು ಅಂಕ ಹಾಕುವುದಿಲ್ಲ, ಏಕೆಂದರೆ ಒಬ್ಬರ ಬಿಗಿ ಇನ್ನೊಬ್ಬರಿಗೆ ಇರುವುದಿಲ್ಲ.