ಬೋರ್ ನೀರಿನ ಫ್ಲೋರೈಡ್ ಅಳೆಯಲು ಎಡಿಯುಸಿಎಂ355: ನನ್ನ ಅನುಭವ

ಬೋರ್ ನೀರಿನ ಫ್ಲೋರೈಡ್ ಅಳೆಯಲು ಎಡಿಯುಸಿಎಂ355 (ಸೆನ್ಸರ್‌ಗಳ ಸಣ್ಣ ಸಿಗ್ನಲ್ ಓದುವ ಮೈಕ್ರೋಕಂಟ್ರೋಲರ್ ಚಿಪ್) ಹಾಕಿ ಬೋರ್ಡ್ ಮಾಡುತ್ತೇನೆ ಅಂದಾಗ, "ಆ ಚಿಪ್ ಇರೋದು ಗ್ಯಾಸ್ ಸೆನ್ಸರ್‌ಗೆ, ಫ್ಲೋರೈಡ್ ಎಲೆಕ್ಟ್ರೋಡ್ ಅದಕ್ಕೆ ಒಗ್ಗಲ್ಲ, ಸುಮ್ಮನೆ ಅಯಾನ್ ಮೀಟರ್ ತಗೊಳ್ರಿ" ಅಂದವರೇ ಹೆಚ್ಚು. ಈಗ ಕುಷ್ಟಗಿ, ಲಿಂಗಸುಗೂರು ಕಡೆಯ ಬೋರ್ ನೀರಿಗೆ ನನ್ನ ಬೋರ್ಡ್ ಕೊಡುವ ಅಂಕಿ, ಲ್ಯಾಬ್ ವರದಿಗೆ ಹೋಲಿಸಿದರೆ ಸುಮಾರು ಐದು ಪರ್ಸೆಂಟ್ ಆಚೀಚೆ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 1.0 ಮಿಲಿಗ್ರಾಂ ಮಿತಿ, ಬೇರೆ ನೀರು ಇಲ್ಲದಿದ್ದರೆ 1.5. ಎಲೆಕ್ಟ್ರೋಡ್ ಫ್ಲೋರೈಡ್ ಪ್ರಮಾಣವನ್ನು ವೋಲ್ಟೇಜಾಗಿ ತೋರಿಸುತ್ತದೆ; ಈ ಎರಡರ ನಡುವಿನ ಅಂತರ ಅದರಲ್ಲಿ ಬರೀ ಹತ್ತು ಮಿಲಿವೋಲ್ಟ್. ಒಂದು ಮಿಲಿವೋಲ್ಟ್ ತಪ್ಪಿದರೆ ನಾಲ್ಕು ಪರ್ಸೆಂಟ್ ಹೋಯಿತು.

ಚಿಪ್ಪಿನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) 16 ಬಿಟ್‌ನದು, ಒಂದು ಮೆಟ್ಟಿಲು ಹತ್ತಾರು ಮೈಕ್ರೋವೋಲ್ಟ್ ಮಾತ್ರ. ಹಾಗಾಗಿ ತೊಂದರೆ ಅಲ್ಲಿಲ್ಲ, ಇನ್‌ಪುಟ್ ಪಿನ್ನಿನಲ್ಲಿದೆ. ಎಲೆಕ್ಟ್ರೋಡಿನ ತುದಿಯ ಲ್ಯಾಂಥನಮ್ ಫ್ಲೋರೈಡ್ ಹರಳಿನ ರೋಧ ಮೆಗಾಓಮ್ ಹತ್ತಿರ. ಎಲೆಕ್ಟ್ರೋಡನ್ನು ನೇರವಾಗಿ ಚಿಪ್ಪಿನ ಎಐಎನ್ (ಅನಲಾಗ್ ಇನ್‌ಪುಟ್) ಪಿನ್ನಿಗೆ ಕೊಟ್ಟರೆ ಒಂದು ನ್ಯಾನೋಆಂಪ್ ಸೋರಿಕೆಗೇ ಒಂದು ಮಿಲಿವೋಲ್ಟ್ ಜಾರುತ್ತದೆ. ಬೇಸಿಗೆಯಲ್ಲಿ ಸೋರಿಕೆ ಇನ್ನೂ ಏರುವುದರಿಂದ ಬೆಳಗಿನ ಕ್ಯಾಲಿಬ್ರೇಶನ್ ಮಧ್ಯಾಹ್ನಕ್ಕೆ ಉಳಿಯುವುದಿಲ್ಲ. ನಡುವೆ ಎಲ್‌ಎಂಪಿ7721 ಬಫರ್ (ಹೆಚ್ಚು ಕರೆಂಟ್ ಎಳೆಯದೆ ವೋಲ್ಟೇಜನ್ನು ಹಾಗೇ ದಾಟಿಸುವ ಆಂಪ್ಲಿಫೈಯರ್) ಹಾಕಿದ ಮೇಲೆ ಇದು ನಿಂತಿತು. ಅದರ ಇನ್‌ಪುಟ್ ಎಳೆಯುವ ಬಯಾಸ್ ಕರೆಂಟ್ ಕೆಲವೇ ಫೆಮ್ಟೋಆಂಪ್ (ನ್ಯಾನೋಆಂಪಿನ ಹತ್ತು ಲಕ್ಷದ ಒಂದು ಪಾಲು).

ಆದರೆ ಫೆಮ್ಟೋಆಂಪ್ ಅನ್ನುವುದು ಡೇಟಾಶೀಟ್ ಮಾತು, ಕೈಯಲ್ಲಿ ಉಳಿಸಿಕೊಳ್ಳುವುದು ಬೇರೆ. ತೊಳೆಯಬೇಕಿಲ್ಲ ಅನ್ನುವ "ನೋ ಕ್ಲೀನ್" ಬೆಸುಗೆ ಫ್ಲಕ್ಸ್ ಬೋರ್ಡ್ ಮೇಲೆ ಉಳಿದರೆ ಮಳೆಗಾಲದಲ್ಲಿ ಅದೇ ಸೋರುವ ದಾರಿ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಹಾಕಿ ಎರಡು ಸಲ ತೊಳೆದು, 60–70 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸಬೇಕು. ಇನ್‌ಪುಟ್ ಪಿನ್ನನ್ನು ಬೋರ್ಡಿಗೆ ತಾಗಿಸದೆ ಮೇಲೆತ್ತಿ, ಟೆಫ್ಲಾನ್ ಕಂಬದ ಮೇಲೆ ಬೆಸುಗೆ ಹಾಕಿದ್ದೇನೆ. ಸುತ್ತಲಿನ ಗಾರ್ಡ್ ರಿಂಗ್ (ಸೋರಿಕೆ ತಡೆಯುವ ತಾಮ್ರದ ಗೆರೆ) ಮತ್ತು ಕೇಬಲ್ಲಿನ ಜಾಲರಿ ಎರಡೂ ಗ್ರೌಂಡಿಗಲ್ಲ, ಬಫರ್ ಔಟ್‌ಪುಟ್ಟಿಗೆ. ಕೇಬಲ್ ಅಲುಗಾಡಿದರೆ ಅಂಕಿಯೂ ಅಲುಗಾಡುತ್ತದೆ, ಕಟ್ಟಿಹಾಕಿ.

ಚಿಪ್ 72 ಕಾಲಿನ ಎಲ್‌ಜಿಎ, 6×5 ಮಿಲಿಮೀಟರ್, ಕಾಲುಗಳೆಲ್ಲ ತಳದಲ್ಲಿ. ಸ್ಟೆನ್ಸಿಲ್, ಹಾಟ್ ಪ್ಲೇಟ್ ಇಲ್ಲದೆ ಬರೀ ಸೋಲ್ಡರಿಂಗ್ ಐರನ್ ಹಿಡಿದು ಕೂತರೆ ಚಿಪ್ ಸುಡುವುದೊಂದೇ ಫಲ.

ಹೋಲಿಕೆಗೆ ಇಡುವ ರೆಫರೆನ್ಸ್ ಎಲೆಕ್ಟ್ರೋಡನ್ನು ಗ್ರೌಂಡಿಗೆ ಕಟ್ಟಬೇಡಿ. ಒಳಗಿನ 12 ಬಿಟ್ ಡಿಎಸಿಯಿಂದ (ಅಂಕಿಯನ್ನು ವೋಲ್ಟೇಜಾಗಿಸುವ ಭಾಗ) ಸುಮಾರು 1.1 ವೋಲ್ಟಿನಲ್ಲಿ ಕೂರಿಸಿ; ಎಡಿಸಿಯ ಮಧ್ಯಬಿಂದುವೂ 1.11 ಆದ್ದರಿಂದ ಪ್ಲಸ್ ಮೈನಸ್ ಎರಡೂ ಕಡೆ ಓದಬಹುದು. ಕರೆಂಟ್ ಲೈನಿನ ಗದ್ದಲ ತೆಗೆಯುವ, ಒಳಗಿನ 50 ಹರ್ಟ್ಜ್ ನಾಚ್ ಫಿಲ್ಟರ್ ಆನ್ ಇರಲಿ. ಆದರೂ ಲ್ಯಾಪ್‌ಟಾಪ್ ಚಾರ್ಜರ್ ಹಾಕಿಕೊಂಡು ಮೋಟರ್ ಸ್ಟಾರ್ಟರ್ ಪಕ್ಕ ಅಳೆದರೆ ಫಿಲ್ಟರ್ ಕಾಪಾಡುವುದಿಲ್ಲ. ಬ್ಯಾಟರಿಯಲ್ಲೇ ನಡೆಸಿ: 18650 ಲಿಥಿಯಂ ಸೆಲ್ ಒಂದು, 3.3 ವೋಲ್ಟ್ ರೆಗ್ಯುಲೇಟರ್ ಒಂದು, ಅಷ್ಟೇ.

ಫ್ಲೋರೈಡ್ ಹತ್ತು ಪಟ್ಟಾದರೆ ಎಲೆಕ್ಟ್ರೋಡ್ ವೋಲ್ಟೇಜ್ ಎಷ್ಟು ಬದಲಾಗುತ್ತದೆ ಅನ್ನುವುದೇ ಇಳಿಜಾರು; ರಾಯಚೂರಿನ ಬಿಸಿಲಿಗೆ ಪುಸ್ತಕದ 59.16 ಮಿಲಿವೋಲ್ಟ್ ನಡೆಯಲ್ಲ, ಅದು 25 ಡಿಗ್ರಿಯ ಲೆಕ್ಕ. 38 ಡಿಗ್ರಿ ಕೋಣೆಯಲ್ಲಿ ಇಳಿಜಾರು 61.7 ಮಿಲಿವೋಲ್ಟ್. ಕೋಡಿನಲ್ಲಿ ಹಳೆಯ ಅಂಕಿ ಬಿಟ್ಟರೆ ಕ್ಯಾಲಿಬ್ರೇಶನ್ ಬಿಂದುವಿನಿಂದ ಹತ್ತು ಪಟ್ಟು ದೂರದಲ್ಲಿ ಹತ್ತು ಪರ್ಸೆಂಟ್ ತಪ್ಪು. ಸ್ಟ್ಯಾಂಡರ್ಡ್ ಮತ್ತು ಸ್ಯಾಂಪಲ್ ಬಾಟಲಿಗಳನ್ನು ಒಂದೇ ನೀರಿನ ಬುಟ್ಟಿಯಲ್ಲಿ ಅರ್ಧ ಗಂಟೆ ಇಡುವುದು ನನ್ನ ರೂಢಿ. ಮ್ಯಾಗ್ನೆಟಿಕ್ ಸ್ಟಿರರ್ ಬಿಸಿಯಾಗುತ್ತದೆ, ಬೀಕರ್ ಕೆಳಗೆ ಥರ್ಮಾಕೋಲ್ ತುಂಡು ಇರಲಿ.

ಟಿಸಾಬ್ (ಅಳೆಯುವ ಮೊದಲು ಸ್ಯಾಂಪಲ್ಲಿಗೆ ಬೆರೆಸುವ, ಪಿಎಚ್ ಮತ್ತು ಅಯಾನ್ ಬಲ ಸಮವಾಗಿಡುವ ದ್ರಾವಣ) ಲೀಟರಿಗೆ: ಗ್ಲೇಶಿಯಲ್ ಅಸಿಟಿಕ್ ಆಸಿಡ್ 57 ಎಂಎಲ್, ಉಪ್ಪು 58 ಗ್ರಾಂ, ಸಿಡಿಟಿಎ (ಲೋಹದ ಅಯಾನ್‌ಗಳನ್ನು ಹಿಡಿದಿಡುವ ರಾಸಾಯನಿಕ) 4 ಗ್ರಾಂ, ಕಾಸ್ಟಿಕ್ ಸೋಡಾ ದ್ರಾವಣದಿಂದ ಪಿಎಚ್ 5.0–5.5. ಸ್ಯಾಂಪಲ್ಲಿಗೆ ಸಮಸಮ. ಸಿಡಿಟಿಎ ದುಬಾರಿ ಅಂತ ಸೋಡಿಯಂ ಸಿಟ್ರೇಟ್ ಹಾಕಿಯೂ ನೋಡಿದ್ದೇನೆ, ಸಾದಾ ಬೋರ್ ನೀರಿಗೆ ನಡೆಯಿತು. ಪಟಿಕ (ಆಲಂ) ಹಾಕಿ ತಿಳಿಗೊಳಿಸಿದ ನೀರಿಗೆ ಸಿಡಿಟಿಎಯೇ ಬೇಕು, ಅದರಲ್ಲಿನ ಅಲ್ಯುಮಿನಿಯಂ ತಾನು ಹಿಡಿದ ಫ್ಲೋರೈಡನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಸ್ಟ್ಯಾಂಡರ್ಡ್‌ಗೆ ಒಣಗಿಸಿದ ಸೋಡಿಯಂ ಫ್ಲೋರೈಡ್ 0.221 ಗ್ರಾಂ ಲೀಟರಿಗೆ, 100 ಪಿಪಿಎಂ (ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್). ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಿ, ಗಾಜಿನಲ್ಲಲ್ಲ.

ಚಿಪ್ಪಿನೊಳಗೆ ಇಂಪೀಡೆನ್ಸ್ ಎಂಜಿನ್ (ಎಸಿ ಸಿಗ್ನಲ್ ಕೊಟ್ಟು ರೋಧ ಅಳೆಯುವ ಭಾಗ) ಸುಮ್ಮನೆ ಬಿದ್ದಿತ್ತು. ಎರಡು ಸ್ಟೀಲ್ ಕಡ್ಡಿ ಇಳಿಸಿ, ಕೆಲವು ಕಿಲೋಹರ್ಟ್ಜ್‌ನಲ್ಲಿ ವಾಹಕತೆ ಅಳೆದೆ. 0.01 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್ 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 1413 ಮೈಕ್ರೋಸೀಮೆನ್ಸ್, ಅದಕ್ಕೆ ಹೊಂದಿಸಿದರೆ ಸಿಂಧನೂರಿನ ಕಾಲುವೆ ಗದ್ದೆಯ ಸವುಳು ನೀರಿಗೂ ಇದೇ ಬೋರ್ಡ್. ಒಂದೇ ಎಚ್ಚರಿಕೆ: ವಾಹಕತೆ ಅಳೆಯುವಾಗ ಫ್ಲೋರೈಡ್ ಎಲೆಕ್ಟ್ರೋಡ್ ಅದೇ ಬೀಕರಿನಲ್ಲಿ ಇರಬಾರದು.

ದುಡ್ಡಿನ ಮಾತು. ಚಿಪ್ ಬಿಡಿಯಾಗಿ ಸಾವಿರದ ಮೇಲೆ, ಕೊರಿಯರ್, ಕಸ್ಟಮ್ಸ್ ಸೇರಿದರೆ ಇನ್ನೂ ಅಷ್ಟು. ಸಣ್ಣಪುಟ್ಟ ಸಾಮಾನು ಹೈದರಾಬಾದಿನ ಕೋಠಿಯಲ್ಲಿ ಸಿಗುತ್ತದೆ. ಬೋರ್ಡ್ ಒಟ್ಟು ಆರೇಳು ಸಾವಿರಕ್ಕೆ ಮುಗಿದರೂ ಎಲೆಕ್ಟ್ರೋಡ್ ಒಂದೇ ಹತ್ತಾರು ಸಾವಿರ ತಿನ್ನುತ್ತದೆ, ಅಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಹರಳನ್ನು ಏನು ಹಾಕಿ ಉಜ್ಜುತ್ತೇನೆ, ಅಂಕಿ ನಿಲ್ಲುವ ಮೊದಲೇ ಕೊನೆಯ ಬೆಲೆ ಹೇಗೆ ಲೆಕ್ಕ ಹಾಕುತ್ತೇನೆ, ಇವೆರಡು ಸದ್ಯಕ್ಕೆ ನನ್ನಲ್ಲೇ ಇರಲಿ.

ಅಳೆಯುವಾಗ ಕಡಿಮೆಯಿಂದ ಹೆಚ್ಚಿಗೆ ಹೋಗಿ. 1 ಪಿಪಿಎಂ ಎರಡು-ಮೂರು ನಿಮಿಷಕ್ಕೆ ನಿಲ್ಲುತ್ತದೆ. ಆರ್‌ಒ ಘಟಕದ ನೀರಿಗೆ ಹತ್ತು ನಿಮಿಷ ಕೊಡಿ, 0.1ರ ಕೆಳಗೆ ತೋರಿಸುವ ಅಂಕಿಯನ್ನು ನಾನು ಬರೆದುಕೊಳ್ಳುವುದೇ ಇಲ್ಲ.