ಮಂಗಳೂರು ನೋಡೋಕೆ ಬಂದ್ರೆ ಬಂದರಿಂದ ಶುರು ಮಾಡಿ

ಮಂಗಳೂರಿಗೆ ಬಂದವರಲ್ಲಿ ಹೆಚ್ಚಿನವರು ಪಣಂಬೂರು ಬೀಚು, ಒಂದು ಮಾಲು, ಐಸ್‌ಕ್ರೀಮು, ರಾತ್ರಿ ಮೀನೂಟ, ಇಷ್ಟು ಮುಗಿಸಿ ಬಸ್ ಹತ್ತಿಬಿಡ್ತಾರೆ, ಆಮೇಲೆ ಊರಲ್ಲಿ ನೋಡೋಕೆ ಎಂತ ಉಂಟು ಅಂತ ಕೇಳ್ತಾರೆ. ನಂಗೆ ನಿಜವಾಗ್ಲೂ ಬೇಜಾರಾಗುತ್ತೆ. ಎರಡು ದಿನ ಕೈಲಿದ್ರೆ ಈ ಊರನ್ನ ಚೆನ್ನಾಗಿ ನೋಡಬಹುದು, ಆದ್ರೆ ಶುರು ಮಾಡೋ ಜಾಗ ಸರಿ ಇರ್ಬೇಕು. ಆ ಜಾಗ ಹಳೇ ಬಂದರು. ಇಲ್ಲಿನ ದೇವಸ್ಥಾನ, ಮಸೀದಿ, ಚರ್ಚು, ಹಂಚಿನ ಕಾರ್ಖಾನೆ ಎಲ್ಲದಕ್ಕೂ ಬೇರು ಆ ನೀರಲ್ಲೇ ಇರೋದು.

ಮೊದಲು ಯಾವಾಗ ಬರ್ಬೇಕು ಅನ್ನೋದು. ಜೂನಿಂದ ಸೆಪ್ಟೆಂಬರ್ ತನಕ ಮಳೆ ಬಿಡಲ್ಲ, ನಡೆದು ನೋಡೋ ಊರಿಗೆ ಅದು ಕಷ್ಟ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಬೇರೆ, ಆವಾಗ ದಕ್ಕೆಯಲ್ಲಿ, ಅಂದ್ರೆ ಬೋಟಿಂದ ಮೀನು ಇಳಿಸೋ ಕಟ್ಟೆಯಲ್ಲಿ, ಗಲಾಟೆಯೇ ಇರಲ್ಲ. ನವೆಂಬರಿಂದ ಫೆಬ್ರವರಿ ಒಳಗೆ ಬನ್ನಿ. ಉಳ್ಕೊಳ್ಳೋದು ಹಂಪನಕಟ್ಟೆ ಅಥವಾ ಸ್ಟೇಟ್‌ಬ್ಯಾಂಕ್ ಹತ್ರ ಆದ್ರೆ ಒಳ್ಳೇದು. ಸ್ಟೇಟ್‌ಬ್ಯಾಂಕ್ ಅಂದ್ರೆ ಇಲ್ಲಿ ಸಿಟಿ ಬಸ್‌ಸ್ಟ್ಯಾಂಡು, ಬ್ಯಾಂಕ್ ಹುಡುಕ್ಕೊಂಡು ಹೋಗ್ಬೇಡಿ.

ಮೊದಲ ದಿನ ಬೆಳಗ್ಗೆ ಆರು ಗಂಟೆ ಒಳಗೆ ದಕ್ಕೆಗೆ ಹೋಗಿ. ಚಪ್ಪಲಿ ಒದ್ದೆಯಾಗುತ್ತೆ, ಹಳೇದು ಹಾಕ್ಕೊಳ್ಳಿ. ಬೋಟಿಂದ ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಇಳೀತಾ ಇರುತ್ತೆ, ಪಕ್ಕದಲ್ಲೇ ಏಲಂ ಕೂಗ್ತಾ ಇರ್ತಾರೆ, ಮೀನು ಮಾರೋ ಅಕ್ಕಂದಿರು ಸೊಂಟಕ್ಕೆ ಕೈ ಇಟ್ಕೊಂಡು ರೇಟು ಕೇಳಿ ತಲೆ ಅಲ್ಲಾಡಿಸ್ತಾರೆ, ಒಂದೇ ಮಾತಲ್ಲಿ ತುಳು, ಕನ್ನಡ, ಬ್ಯಾರಿ ಮೂರೂ ಬಂದುಬಿಡುತ್ತೆ. ದಾರಿಗೆ ಅಡ್ಡ ನಿಲ್ಲಬೇಡಿ, ಮುಖಕ್ಕೆ ಕ್ಯಾಮೆರಾ ಹಿಡಿಯೋ ಮುಂಚೆ ಕೇಳಿ, ಅಷ್ಟು ಮಾಡಿದ್ರೆ ಅವರೇ ಮಾತಾಡಿಸ್ತಾರೆ.

ಅಲ್ಲಿಂದ ಹಾಗೇ ಹಳೇ ಬಂದರಿನ ಸರಕಿನ ದಕ್ಕೆಗೆ ನಡೀರಿ, ಮಂಜಿಗಳು, ಅಂದ್ರೆ ಸರಕು ಹೊರೋ ಹಡಗುಗಳು, ನಿಂತಿರ್ತವೆ. ಈ ಹಡಗುಗಳೇ ಇವತ್ತಿಗೂ ಲಕ್ಷದ್ವೀಪಕ್ಕೆ ತರಕಾರಿ, ಅಕ್ಕಿ, ಸಿಮೆಂಟು, ಜಲ್ಲಿ ಹೊತ್ಕೊಂಡು ಹೋಗೋದು. ಗುರುಪುರ, ನೇತ್ರಾವತಿ ಎರಡೂ ನದಿ ಒಂದೇ ಅಳಿವೆಯಲ್ಲಿ ಸಮುದ್ರ ಸೇರೋದ್ರಿಂದ ಇಲ್ಲಿ ಬಂದರು ಹುಟ್ಟಿತು. ಆದ್ರೆ ಅಳಿವೆ ಬಾಯಲ್ಲಿ ಮರಳು ಕೂರುತ್ತೆ, ದೊಡ್ಡ ಹಡಗು ಒಳಗೆ ಬರೋಕಾಗಲ್ಲ, ಅದಕ್ಕೇ 1970ರ ದಶಕದಲ್ಲಿ ದೊಡ್ಡ ವ್ಯಾಪಾರ ಎಲ್ಲ ಪಣಂಬೂರಿನ ಹೊಸ ಬಂದರಿಗೆ ಹೋಯ್ತು. ಹೋಗಿದ್ದಕ್ಕೇ ಹಳೇ ಬಂದರು ಒಂದಿಷ್ಟು ಹಳೇ ರೂಪದಲ್ಲೇ ಉಳೀತು ಅಂತ ನಂಗನ್ನಿಸುತ್ತೆ. 12ನೇ ಶತಮಾನದಲ್ಲಿ ಬೆನ್ ಯಿಜು ಅನ್ನೋ ಟುನೀಶಿಯಾ ಕಡೆಯ ಯಹೂದಿ ವ್ಯಾಪಾರಿ ಇಲ್ಲೇ ಹಲವು ವರ್ಷ ಇದ್ದ, ಆಶು ಅನ್ನೋ ಇಲ್ಲಿನ ಹೆಂಗಸನ್ನ ಮದುವೆ ಆದ, ಬೊಮ್ಮ ಅನ್ನೋ ಆಳು ಅವನ ಪರವಾಗಿ ಏಡನ್ ತನಕ ಹೋಗಿ ವ್ಯಾಪಾರ ಮಾಡಿ ಬರ್ತಿದ್ದ. ಅವರ ಕಾಗದಗಳು ಸಿಕ್ಕಿದ್ದು ಕೈರೋದ ಒಂದು ಹಳೇ ಸಿನಗಾಗಲ್ಲಿ, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ. ಇದನ್ನ ತಲೇಲಿಟ್ಕೊಂಡು ಆ ಗೋಡೌನ್ ಸಾಲು ನೋಡಿ ಮಾರ್ರೆ, ಒಣಮೀನಿನ ವಾಸನೆಯೂ ಬೇರೆ ಥರ ಕಾಣುತ್ತೆ.

ಬಂದರಲ್ಲೇ ಝೀನತ್ ಬಕ್ಷ್ ಮಸೀದಿ ಇದೆ. ಈ ಕರಾವಳಿಗೆ ಇಸ್ಲಾಂ ತಂದವರು ಅಂತ ಹೇಳೋ ಮಾಲಿಕ್ ದೀನಾರ್ ಕಾಲದ್ದು ಅನ್ನೋ ನಂಬಿಕೆ, ಟಿಪ್ಪು ಕಾಲದಲ್ಲಿ ಜೀರ್ಣೋದ್ಧಾರ ಆಯ್ತು. ಒಳಗಿನ ಮರದ ಕೆತ್ತನೆ ನೋಡ್ಲೇಬೇಕು. ನಮಾಜಿನ ಹೊತ್ತು ಬಿಟ್ಟು ಹೋಗಿ, ಬಾಗಿಲಲ್ಲಿ ಕೇಳಿ ಒಳಗೆ ಕಾಲಿಡಿ. ವಾಪಸ್ ಬರೋವಾಗ ರೊಸಾರಿಯೋ ಚರ್ಚು ಸಿಗುತ್ತೆ, ಪೋರ್ಚುಗೀಸರು 1568ರಲ್ಲಿ ಕಟ್ಟಿಸಿದ್ದು, ಈಗಿನ ಕಟ್ಟಡ ಬಹಳ ಆಮೇಲಿನದು. ರಥಬೀದಿಯ ವೆಂಕಟರಮಣ ದೇವಸ್ಥಾನವೂ ದೂರ ಇಲ್ಲ, ಕೊಂಕಣಿ ಜನರ ಕೊಡಿಯಾಲ್ ತೇರು ಹೊರಡೋದು ಇಲ್ಲಿಂದಾನೇ.

ಮಧ್ಯಾಹ್ನ ಮೇಲೆ ಬಾವುಟಗುಡ್ಡೆ ಹತ್ತಿ. 1837ರಲ್ಲಿ ಸುಳ್ಯ ಕಡೆಯಿಂದ ಬಂದ ರೈತ ದಂಗೆಕೋರರು ಈಸ್ಟ್ ಇಂಡಿಯಾ ಕಂಪನಿ ಬಾವುಟ ಇಳಿಸಿ ತಮ್ಮದನ್ನ ಹಾರಿಸಿದ್ದು ಈ ಗುಡ್ಡದ ಮೇಲೆ. ಅಲ್ಲೇ ಸೇಂಟ್ ಅಲೋಶಿಯಸ್ ಚಾಪೆಲ್. ಇದಕ್ಕೆ ಕಮ್ಮಿ ಅಂದ್ರೂ ಒಂದು ಗಂಟೆ ಇಡಿ. ಆಂಟೋನಿಯೋ ಮೊಸ್ಕೇನಿ ಅನ್ನೋ ಇಟಲಿಯ ಜೆಸ್ಯೂಟ್ 1899ರಲ್ಲಿ ಬಂದು ಎರಡು ಮೂರು ವರ್ಷದಲ್ಲಿ ಗೋಡೆ, ಕಮಾನು, ಛಾವಣಿ ಒಂದಿಂಚೂ ಬಿಡದ ಹಾಗೆ ಚಿತ್ರ ಬರೆದ. ಮೊದಲು ಬೆಂಚಲ್ಲಿ ಕೂತು ತಲೆ ಎತ್ತಿ ಛಾವಣಿ ನೋಡಿ, ಸಂತ ಅಲೋಶಿಯಸ್‌ನ ಬದುಕು ಅಲ್ಲಿದೆ, ಆಮೇಲೆ ಎದ್ದು ಗೋಡೆ ಹತ್ರ ಹೋಗಿ. ಒಳಗೆ ಫೋಟೋಗೆ ಬಿಡಲ್ಲ, ಒಂಥರಾ ಒಳ್ಳೇದೇ ಆಯ್ತು, ಕಣ್ಣಲ್ಲೇ ನೋಡ್ತೀರಿ. ತೆರೆಯೋ ಟೈಮು ಮೊದಲೇ ವಿಚಾರಿಸ್ಕೊಳ್ಳಿ.

ಗುಡ್ಡೆಯಿಂದ ಬಲ್ಮಠ ಹತ್ರ, ಕನ್ನಡ ಓದೋರು ಇದನ್ನ ತಪ್ಪಿಸ್ಬಾರದು ಅಂತ ನನ್ನ ಕಳಕಳಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನವರ ಜಾಗ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನ ಕಲ್ಲಚ್ಚಲ್ಲಿ ಹೊರಡಿಸಿದ್ದು ಈ ಊರಿಂದ, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಗಿದ್ದೂ ಇಲ್ಲಿನ ಮಿಷನ್ ಪ್ರೆಸ್ಸಲ್ಲಿ. ಹಾಗೇ ಹಂಚು. 1865ರಲ್ಲಿ ಅದೇ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಲ್ಲಿ ಕಾರ್ಖಾನೆ ಶುರು ಮಾಡಿದ, ನದಿ ದಡದ ಜೇಡಿಮಣ್ಣು ಸಿಕ್ತು, ಸಾಗಿಸೋಕೆ ಬಂದರು ಪಕ್ಕದಲ್ಲೇ ಇತ್ತು, ಮಂಗಳೂರು ಹಂಚು ಸಮುದ್ರ ದಾಟಿ ಎಲ್ಲೆಲ್ಲೋ ಹೋಯ್ತು. ಹಳೇ ಮನೆ ಪಕ್ಕ ರಾಶಿ ಹಾಕಿದ ಹಂಚು ಕಂಡ್ರೆ ಒಂದನ್ನ ತಿರುಗಿಸಿ ನೋಡಿ. ಪಾಚಿ ಒರೆಸಿದ್ರೆ ಕಾರ್ಖಾನೆ ಹೆಸರು, ಊರಿನ ಹೆಸರು ಉಬ್ಬಿದ ಅಕ್ಷರದಲ್ಲಿ ಬೆರಳಿಗೆ ಸಿಗುತ್ತೆ.

ಎರಡನೇ ದಿನ ಬೆಳಗ್ಗೆ ಕದ್ರಿ. ಮಂಜುನಾಥನ ದೇವಸ್ಥಾನದೊಳಗೆ ಲೋಕೇಶ್ವರನ ಕಂಚಿನ ವಿಗ್ರಹ ಇದೆ, ಮೂರು ಮುಖ, ಆರು ಕೈ, ಪದ್ಮಾಸನ. ತುಳುನಾಡನ್ನ ಆಳಿದ ಆಳುಪ ವಂಶದ ದೊರೆ ಕುಂದವರ್ಮ 968ರಲ್ಲಿ ಮಾಡಿಸಿದ್ದು ಅಂತ ಪೀಠದ ಶಾಸನವೇ ಹೇಳುತ್ತೆ. ಬರೀ ಕೈಮುಗಿದು ಮುಂದೆ ಹೋಗ್ಬೇಡಿ, ಪಕ್ಕಕ್ಕೆ ಸರಿದು ನಿಂತು ಕಿರೀಟದ ಕೆಲಸ, ಕತ್ತಿನ ಸರ ನೋಡಿ, ಸಾವಿರ ವರ್ಷದ ಹಿಂದೆ ಇಷ್ಟು ನಯವಾಗಿ ಎರಕ ಹೊಯ್ಯೋ ಕೈಗಳು ಇದ್ವು. ದೇವಸ್ಥಾನದ ಹಿಂದೆ ಮೆಟ್ಟಿಲು ಹತ್ತಿದ್ರೆ ಕೆರೆಗಳು, ಇನ್ನೂ ಮೇಲೆ ನಾಥ ಪಂಥದ ಜೋಗಿ ಮಠ. ಆಮೇಲೆ ಕುದ್ರೋಳಿ ಗೋಕರ್ಣನಾಥ, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ್ದು, ದಸರಾ ಟೈಮಲ್ಲಿ ಬಂದ್ರೆ ಇದೊಂದಕ್ಕೇ ಒಂದು ರಾತ್ರಿ ಬೇಕು.

ಸಂಜೆಗೆ ಬೋಳೂರಿನ ಸುಲ್ತಾನ್ ಬತ್ತೇರಿ. ಯುದ್ಧದ ಹಡಗುಗಳು ಗುರುಪುರ ನದಿ ಒಳಗೆ ನುಗ್ಗಬಾರದು ಅಂತ ಟಿಪ್ಪು ಕಟ್ಟಿಸಿದ ಕಾವಲು ಗೋಪುರ. ಚಿಕ್ಕದು, ಕೋಟೆ ಅಂದ್ಕೊಂಡು ಬಂದವರಿಗೆ ಸಪ್ಪೆ ಅನ್ನಿಸ್ಬಹುದು, ಆದ್ರೆ ಮೇಲೆ ಹತ್ತಿ ಫಿರಂಗಿ ಕಿಂಡಿಯಲ್ಲಿ ಕಣ್ಣಿಟ್ರೆ ಯಾಕೆ ಇದೇ ಜಾಗ ಆರಿಸಿದ್ರು ಅಂತ ಗೊತ್ತಾಗುತ್ತೆ, ನದಿ ಪೂರ್ತಿ ಎದುರಿಗೇ. ಕೆಳಗೆ ದೋಣಿ ಇದ್ರೆ ತಣ್ಣೀರುಬಾವಿಗೆ ದಾಟಿ ಸೂರ್ಯ ಮುಳುಗೋದು ನೋಡಿ, ಆದ್ರೆ ವಾಪಸ್ ಕೊನೇ ದೋಣಿ ಎಷ್ಟು ಗಂಟೆಗೆ ಅಂತ ಹತ್ತೋ ಮುಂಚೆಯೇ ಕೇಳ್ಕೊಳ್ಳಿ, ರಸ್ತೆ ಮೇಲೆ ಬರೋದಾದ್ರೆ ಬಹಳ ಸುತ್ತು.