ಐದು ಪೈಪ್ ತುಂಡು ಹಿಡಿದು ಸಮುದ್ರ ದಾಟಿದ್ದು

ಇಂಡೊನೇಷ್ಯಾದ ಬಾಲಿಯಲ್ಲಿ ತೊಗಲು ಗೊಂಬೆಯಾಟಕ್ಕೆ ಬಾರಿಸುವ ಕಂಚಿನ ಪಟ್ಟಿಗಳ ವಾದ್ಯ ಗೆಂದೆರ್ ವಾಯಾಂಗ್. ಅದರ ಜೊತೆ ಪಕ್ಕದ ಲೊಂಬೊಕ್ ದ್ವೀಪದ ಕೊಳಲು ಸೇರಲ್ಲ ಅಂತ ಎರಡೂ ದ್ವೀಪದವರು ಹೇಳಿದ್ದರು. ಸೇರಿತು. ಅದಕ್ಕೇ ಬರೆಯುತ್ತಿದ್ದೇನೆ.

ಕೊಳಲು ಮಾಡುವವರಿಗೆ ತೊಂದರೆ ಏನು ಅಂತ ಗೊತ್ತೇ ಇದೆ. ಗಮೆಲಾನ್, ಅಂದರೆ ಇಂಥ ವಾದ್ಯಗಳ ಮೇಳ, ಒಂದೊಂದಕ್ಕೂ ತನ್ನದೇ ಶ್ರುತಿ. ಪಕ್ಕದ ಊರಿನದಕ್ಕೂ ತಾಳೆಯಾಗುವುದಿಲ್ಲ. ಸಾಲದ್ದಕ್ಕೆ, ಗೆಂದೆರ್ ಜೋಡಿಯಲ್ಲಿ ಒಂದನ್ನು ಬೇಕಂತಲೇ ಚೂರು ಏರಿಸಿರುತ್ತಾರೆ. ಒಟ್ಟಿಗೆ ಬಾರಿಸಿದರೆ ದನಿ ನಡುಗುತ್ತದೆ. ಆ ನಡುಕಕ್ಕೆ ಅವರು ಇಟ್ಟ ಹೆಸರು ಓಂಬಾಕ್, ಅಂದರೆ ಅಲೆ.

ಕೊಳಲು ನುಡಿಸುವವರು ಲೊಂಬೊಕ್‌ನ ಸಾಸಕ್ ಜನ. ಅರಬ್ ವೀರ ಅಮೀರ್ ಹಂಜಾನ ಕಥೆಯ ತೊಗಲು ಗೊಂಬೆಯಾಟಕ್ಕೆ ನುಡಿಸುತ್ತಾರೆ. ಗದ್ದೆ ಕೆಲಸ ಬಿಟ್ಟು, ಕೊಳಲು ಹೊಂದಿಸುತ್ತಾ ವಾರಗಟ್ಟಲೆ ಬಾಲಿಯಲ್ಲಿ ಕೂರಲು ಅವರಿಗೆ ಆಗುತ್ತಿರಲಿಲ್ಲ. ಗೆಂದೆರ್ ಕಳಿಸಲು ಬಾಲಿಯವರು ಒಪ್ಪಲಿಲ್ಲ.

ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ. ಆ್ಯಪ್ ನೋಡಿಕೊಂಡು ತೂತು ಹಾಕಿದ ಮೂರೂ ಕೊಳಲು ಅಪಸ್ವರ. ಆಮೇಲೆ ಬಾಲಿಯಲ್ಲೇ ಕೊಳಲು ಮಾಡಿ ಪಾರ್ಸೆಲ್ ಹಾಕಿದೆ. ಬಿದಿರು ಸರಿಯಾಗಿ ಒಣಗಿರಲಿಲ್ಲ, ತಪ್ಪು ನನ್ನದೇ. ಆರರಲ್ಲಿ ನಾಲ್ಕು ಸೀಳಿದ್ದವು. ಇಷ್ಟಕ್ಕೇ ಸುಮಾರು ಒಂಬತ್ತು ಲಕ್ಷ ರುಪಿಯಾ ನೀರುಪಾಲು.

ಗೆಂದೆರ್ ಬಾರದಿದ್ದರೆ ಅದರ ಶ್ರುತಿಯನ್ನಾದರೂ ಲೊಂಬೊಕ್‌ಗೆ ಒಯ್ಯಬೇಕು. ಆಗ ಹೊಳೆದದ್ದು ಪಿವಿಸಿ ಪೈಪ್. ಸ್ವರಕ್ಕೊಂದರಂತೆ ಐದು ತುಂಡು, ಕೆಳಗೆ ಬಿರಟೆ. ಬಾಟಲಿಯ ಬಾಯಿ ಊದಿದ ಹಾಗೆ ಊದುವುದು. "ನಲ್ಲಿ ರಿಪೇರಿಗೆ ಬಂದಿರಾ?" ಅಂತ ಗೆಂದೆರ್ ಬಾರಿಸುವ ಹಿರಿಯರು ನಕ್ಕರು.

ಮೊದಲ ಸಲ ಜೋಡಿಯಲ್ಲಿ ಕೆಳಗಿನ ಶ್ರುತಿಯ ಗೆಂದೆರ್‌ಗೆ ಸರಿಯಾಗಿ ಕೂರಿಸಿದೆ. ಒಂದರ ಜೊತೆ ಅಣ್ಣತಮ್ಮ, ಇನ್ನೊಂದರ ಜೊತೆ ಜಗಳ. ಆಮೇಲೆ ಎರಡರ ಜೊತೆಗೂ ಒಂದೇ ಸಮ ನಡುಗುವ ತನಕ ಬಿರಟೆಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿದೆ. ಜೋಡಿ ಸೆಕೆಂಡಿಗೆ ಆರೇಳು ಸಲ ನಡುಗಿದರೆ, ನಡುವಿನ ಪೈಪ್ ಒಂದೊಂದರ ಜೊತೆ ಮೂರು ಸಲದ ಮೇಲೆ. ಇದಕ್ಕೆ ಕಿವಿಯೇ ಸಾಕು, ಆ್ಯಪ್ ಬೇಡ. ಬಿಸಿಲಲ್ಲಿ ಮಾಡಬೇಡಿ. ಗಾಳಿ ಬಿಸಿಯಾದರೆ ಪೈಪಿನ ಶ್ರುತಿ ಏರುತ್ತದೆ. ನಾನು ಎರಡೂ ಕಡೆ ರಾತ್ರಿಯೇ ಕೂತೆ.

ಬಾಲಿಯ ಪಡಂಗ್‌ಬಾಯ್‌ನಿಂದ ಲೊಂಬೊಕ್‌ನ ಲೆಂಬಾರ್‌ಗೆ ಫೆರ್ರಿಯಲ್ಲಿ ನಾಲ್ಕೈದು ಗಂಟೆ. ಚೀಲ ಡೆಕ್ಕಿನ ಮೇಲಿಟ್ಟು ನಿದ್ದೆ ಹೋದೆ. ಇಳಿದು ನೋಡಿದರೆ ಬಿರಟೆಗೆ ಮೆತ್ತಿದ್ದ ಮೇಣ ಬಿಸಿಲಿಗೆ ಕರಗಿ, ಐದೂ ಜಾರಿದ್ದವು. ಮರುದಿನ ಅದೇ ಫೆರ್ರಿ ಹತ್ತಿ ವಾಪಸ್! ಈಗ ಬಿರಟೆ ಮರದ್ದು. ಅದನ್ನು ಬಿಗಿಯುವುದು ಹೇಗೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಹುಚ್ಚು. ಕೊಳಲಿನ ತುದಿಗೆ ಸುತ್ತುವ ಬೆತ್ತದ ಉಂಗುರದ ಬದಲು ಪ್ಲಾಸ್ಟಿಕ್ ಪಟ್ಟಿ ಹಾಕಿ ನೋಡಿದೆ. ದನಿ ಜೋರಾಯಿತು, ಜೊತೆಗೆ ಸೀಟಿ ಹೊಡೆದ ಹಾಗೂ ಆಯಿತು. ಬಿಚ್ಚಿ ಎಸೆದೆ.

ಲೊಂಬೊಕ್‌ನಲ್ಲಿ ಒಣಗಿದ ಬಿದಿರು ಆರಿಸಿ, ಪೈಪ್ ಊದುತ್ತಾ ತೂತು ಸುಟ್ಟೆವು. ತೂತುಗಳನ್ನು ಬೇಕಾದ್ದಕ್ಕಿಂತ ಚೂರು ಚಿಕ್ಕದಾಗಿಯೇ ಬಿಟ್ಟೆ, ಉಳಿದದ್ದು ಉಸಿರು ನೋಡಿಕೊಳ್ಳುತ್ತದೆ. ಎಷ್ಟು ಚಿಕ್ಕದು ಅಂತ ಕೇಳಬೇಡಿ. ಎಂಟು ಓಡಾಟ, ಬಿದಿರು, ಊಟ ಎಲ್ಲ ಸೇರಿ ಇಪ್ಪತ್ತೈದು ಲಕ್ಷ ರುಪಿಯಾದ ಆಸುಪಾಸು.

ಗೊಂಬೆಯಾಟದ ರಾತ್ರಿ ಸಾಸಕ್ ಕಲಾವಿದರು ಬಾಲಿಗೆ ಬಂದು ನೇರವಾಗಿ ಕೂತು ನುಡಿಸಿದರು. ನಕ್ಕಿದ್ದ ಹಿರಿಯರು ಅರ್ಧದಲ್ಲೇ ಸುತ್ತಿಗೆ ನಿಲ್ಲಿಸಿ ಕೊಳಲಿನ ಕಡೆ ತಿರುಗಿದರು. ಕೆಟ್ಟಿತೇನೋ ಅಂದುಕೊಂಡೆ. ಸುಮ್ನೆ ಕೇಳುತ್ತಿದ್ದರಂತೆ. ಕೆಳಗಿನ ಒಂದು ಸ್ವರ ಮಾತ್ರ ಇನ್ನೂ ಸ್ವಲ್ಪ ಜೋಲುತ್ತದೆ. ಅದಕ್ಕೆ ಹೊಸ ಬಿದಿರು ನೆರಳಲ್ಲಿ ಒಣಗುತ್ತಿದೆ.